ಮೂರು ಪೌಂಡಿಗೊಂದು ವಂಶಾವಳಿ



ವರ್ಷಕ್ಕೊಮ್ಮೆ ಬೇಸಾಯದ ಚರಿತ್ರೆಯ ಬಗ್ಗೆ ಒಂದು ಮಾತು ಆಗಬೇಕು, ಅದು ಅರಮನೆಯ ಕಥೆಯಾಗದೆ ಹೊಲದ ಕಥೆಯಾಗಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಆ ಆಶಯಕ್ಕೆ ಕುಂದು ಬಾರದಂತೆ ತುಸು ದೂರ ಹೋಗಿಬರುತ್ತೇನೆ. ಇವತ್ತಿನ ನನ್ನ ವಿಷಯ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಟಾಗೊ, ಸೌತ್‌ಲ್ಯಾಂಡ್, ಕ್ಯಾಂಟರ್ಬರಿ ಸೀಮೆಗಳಲ್ಲಿ 19ನೇ ಶತಮಾನದ ದ್ವಿತೀಯಾರ್ಧದಲ್ಲಿ ಬೀಜದ ಕುದುರೆಗಳಿಗಾಗಿ ಅಚ್ಚಾಗುತ್ತಿದ್ದ ಜಾಹೀರಾತು. ಚರಿತ್ರೆಗೆ ಇದೊಂದು ಆಕರವೇ ಎಂದು ಹುಬ್ಬೇರಿಸುವವರಿದ್ದಾರೆ. ಆ ಸೀಮೆಯ ರೈತ ಯಾರನ್ನು ನಂಬುತ್ತಿದ್ದ, ಎಷ್ಟರಮಟ್ಟಿಗೆ ನಂಬುತ್ತಿದ್ದ, ನಂಬಿಕೆ ಕೆಟ್ಟಾಗ ಏನು ಮಾಡುತ್ತಿದ್ದ ಎಂಬುದನ್ನು ಇಷ್ಟು ಬಿಡಿಸಿ ಹೇಳುವ ಕಾಗದ ನನಗೆ ಬೇರೆ ಸಿಕ್ಕಿಲ್ಲ.

ಲಿಟಲ್‌ಟನ್ ಟೈಮ್ಸ್ 1851ರಲ್ಲಿ, ಒಟಾಗೊ ಡೈಲಿ ಟೈಮ್ಸ್ 1861ರಲ್ಲಿ, ಟಿಮಾರು ಹೆರಾಲ್ಡ್ 1864ರಲ್ಲಿ ಶುರುವಾದ ಪತ್ರಿಕೆಗಳು. ಇವುಗಳ ಹಳೆಯ ಸಂಚಿಕೆಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ‘ಪೇಪರ್ಸ್ ಪಾಸ್ಟ್’ ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಹಾಕಿದೆ. ಕುಣಿಗಲ್ಲಿನಲ್ಲೋ ಕುಂದಾಪುರದಲ್ಲೋ ಕೂತು ಯಾರು ಬೇಕಾದರೂ ಓದಬಹುದು. ಅಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಆಗಸ್ಟ್ ಮುಗಿಯುತ್ತ ಬಂದಂತೆ ಪತ್ರಿಕೆಯ ಒಂದು ಕಾಲಂ ಕುದುರೆಗಳಿಂದ ತುಂಬಿಕೊಳ್ಳುತ್ತದೆ. ತಲೆಯ ಮೇಲೆ ಮರದ ಅಚ್ಚಿನ ಒಂದು ಪುಟ್ಟ ಕುದುರೆಯ ಚಿತ್ರ. ಅದರ ಕೆಳಗೆ ದಪ್ಪಕ್ಷರದಲ್ಲಿ ಕುದುರೆಯ ಹೆಸರು. ಯಜಮಾನನ ಹೆಸರು ಎಲ್ಲೋ ತಳದಲ್ಲಿ, ಸಣ್ಣದಾಗಿ. ಚಿತ್ರವನ್ನು ನೋಡಿ ಮೋಸಹೋಗಬೇಡಿ. ಅಚ್ಚುಕೂಟದಲ್ಲಿ ಇದ್ದ ಒಂದೆರಡು ಅಚ್ಚುಗಳನ್ನೇ ಊರಿನ ಕುದುರೆಗಳಿಗೆಲ್ಲ ಒತ್ತುತ್ತಿದ್ದರು. ಕುದುರೆ ಯಾವುದೆಂದು ತಿಳಿಯಬೇಕಾದರೆ ಕೆಳಗಿನ ಅಕ್ಷರ ಓದಬೇಕು.

ಅಕ್ಷರಕ್ಕೆ ಹೋಗುವ ಮುಂಚೆ ನೆಲದ ಮಾತು. ಒಟಾಗೊ ಸ್ಕಾಟರ ವಸಾಹತು. 1848ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ‘ಜಾನ್ ವಿಕ್ಲಿಫ್’, ‘ಫಿಲಿಪ್ ಲೇಂಗ್’ ಎಂಬ ಎರಡು ಹಡಗುಗಳು ಸ್ಕಾಟ್ಲೆಂಡಿನ ಫ್ರೀ ಚರ್ಚ್‌ನ ಒಕ್ಕಲುಗಳನ್ನು ತಂದಿಳಿಸಿದವು. ಅವರ ಪಾದ್ರಿ ಥಾಮಸ್ ಬರ್ನ್ಸ್, ಕವಿ ರಾಬರ್ಟ್ ಬರ್ನ್ಸನ ತಮ್ಮನ ಮಗ. ಕ್ಯಾಂಟರ್ಬರಿಗೆ 1850ರಲ್ಲಿ ಬಂದವರು ಇಂಗ್ಲಿಷರು. ಮೊದಲು ನೊಗ ಹೊತ್ತದ್ದು ಎತ್ತುಗಳೇ. ಕೆಸರಿನ ಹಾದಿಯಲ್ಲಿ, ಹುಲ್ಲುಗೊಂಚಲು ಬೆಳೆದ ಬೀಳುನೆಲದಲ್ಲಿ ಎತ್ತಿನಷ್ಟು ತಾಳ್ಮೆ ಇನ್ಯಾವ ಪ್ರಾಣಿಗೂ ಇರಲಿಲ್ಲ. 1861ರ ಮೇ ತಿಂಗಳಲ್ಲಿ ಗೇಬ್ರಿಯಲ್ ರೀಡ್ ಎಂಬಾತ ಒಟಾಗೊದ ಒಳನಾಡಿನ ಕಣಿವೆಯೊಂದರಲ್ಲಿ ಚಿನ್ನ ಕಂಡ. ಅದೇ ಅಕ್ಟೋಬರಿನಲ್ಲಿ ಡನೀಡಿನ್ನಿನಿಂದ ಚಿನ್ನದ ಸೀಮೆಗೆ ಕಾಬ್ ಅಂಡ್ ಕೋ ಕುದುರೆಗಾಡಿಗಳು ಓಡತೊಡಗಿದವು. ಚಿನ್ನ ಅಗೆಯುವವರ ಹಿಂದೆ ಹಿಟ್ಟು, ಹಲಗೆ, ಗುದ್ದಲಿ ಹೊತ್ತ ಗಾಡಿಗಳು ಹೋದವು. ಚಿನ್ನ ಕರಗಿದ ಮೇಲೆ ಉಳಿದದ್ದು ಗೋಧಿ ಮತ್ತು ಓಟ್ಸ್. ಕ್ಯಾಂಟರ್ಬರಿಯ ಬಯಲು 1870ರ ದಶಕದಿಂದ ಗೋಧಿಯ ಕಣಜವಾಯಿತು. ಸೌತ್‌ಲ್ಯಾಂಡಿನ ತಂಪು ನೆಲ ಓಟ್ಸನ್ನು ರಾಶಿ ರಾಶಿ ಕೊಟ್ಟಿತು. ಓಟ್ಸ್ ಎಂದರೆ ಕುದುರೆಯ ಮೇವು. ರೈತ ಉಳುತ್ತಿದ್ದ ನೆಲದಲ್ಲಿ ಒಂದು ಭಾಗ ಉಳುವ ಕುದುರೆಯ ಹೊಟ್ಟೆಗೇ ಹೋಗುತ್ತಿತ್ತು. ಇವತ್ತಿನ ಡೀಸೆಲ್ ಖರ್ಚನ್ನು ಅವನು ಹೊಲದಲ್ಲೇ ಬೆಳೆದುಕೊಳ್ಳುತ್ತಿದ್ದ.

ಹೀಗೆ ಬೇಡಿಕೆ ಬಂತು. ಇದ್ದ ಹೆಣ್ಣುಗುದುರೆಗಳು ಎಂಥವು? ನ್ಯೂಜಿಲೆಂಡಿಗೆ ಮೊದಲ ಕುದುರೆಗಳು ಕಾಲಿಟ್ಟದ್ದು 1814ರ ಡಿಸೆಂಬರಿನಲ್ಲಿ, ಉತ್ತರ ದ್ವೀಪದ ಬೇ ಆಫ್ ಐಲೆಂಡ್ಸ್‌ನಲ್ಲಿ, ಮಿಷನರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ನನ ಜೊತೆ. ಆಮೇಲೆ ಸಿಡ್ನಿಯಿಂದ, ಟಾಸ್ಮೇನಿಯದಿಂದ ಹಡಗಿಗೆ ಹಿಡಿಸಿದಷ್ಟು ತಂದರು. ಸವಾರಿಗೆ, ಗಾಡಿಗೆ, ನೇಗಿಲಿಗೆ ಎಲ್ಲಕ್ಕೂ ಸಲ್ಲುವ, ಯಾವುದಕ್ಕೂ ಪೂರ್ತಿ ಒಗ್ಗದ ಬೆರಕೆ ಪ್ರಾಣಿಗಳು. ಭಾರಿ ನೇಗಿಲು ಎಳೆಯಲು ಸ್ಕಾಟರ ಕಣ್ಣಿನಲ್ಲಿದ್ದದ್ದು ತಮ್ಮೂರಿನ ಕ್ಲೈಡ್ಸ್‌ಡೇಲ್: ಹದಿನಾರು ಹದಿನೇಳು ಮುಷ್ಟಿ ಎತ್ತರ, ಎಂಟು ಕ್ವಿಂಟಾಲಿನ ಆಸುಪಾಸು ತೂಕ, ಗೊರಸಿನ ಮೇಲೆ ಇಳಿಬಿದ್ದ ರೇಷ್ಮೆಯಂಥ ಕೂದಲು, ದೊಡ್ಡ ಮೈಯಾದರೂ ಚುರುಕು ನಡಿಗೆ. ಅಂಥ ಒಂದು ಗಂಡನ್ನು ಸ್ಕಾಟ್ಲೆಂಡಿನಲ್ಲಿ ಕೊಳ್ಳಲು ನೂರಾರು ಪೌಂಡ್ ಬೇಕು. ಹಾಯಿಹಡಗಿನಲ್ಲಿ ಮೂರು ತಿಂಗಳಿಗೂ ಮೀರಿದ ಪಯಣ. ಮರದ ಗೂಡಿನಲ್ಲಿ, ಹೊಟ್ಟೆಯಡಿ ಪಟ್ಟಿ ಕಟ್ಟಿ ನಿಲ್ಲಿಸಿ ತರಬೇಕು. ಬಿರುಗಾಳಿಗೆ ಸಿಕ್ಕಿ ಕಾಲು ಮುರಿದರೆ ಕುದುರೆ ಸಮುದ್ರದ ಪಾಲು. ನೂರಿನ್ನೂರು ಎಕರೆಯ ಒಕ್ಕಲಿಗ ಇದನ್ನು ಕನಸಿನಲ್ಲೂ ಎಣಿಸುವಂತಿರಲಿಲ್ಲ. ಹಣವುಳ್ಳವನು ತಂದ, ಇಲ್ಲದವನು ಬಾಡಿಗೆ ಕೊಟ್ಟ. ಒಂದು ಋತುವಿಗೆ ಎಂಬತ್ತು ಹೆಣ್ಣುಗುದುರೆ ಸಿಕ್ಕಿದರೆ, ತಲೆಗೆ 3 ಪೌಂಡಿನಂತೆ 240 ಪೌಂಡ್. ಈ ಲೆಕ್ಕ ಗೊತ್ತಿದ್ದರೆ ಜಾಹೀರಾತಿನ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ಅಕ್ಷರಕ್ಕೆ ಬರೋಣ. ಜಾಹೀರಾತುಗಳಲ್ಲಿ ಎರಡು ಬಗೆ. ಕೆಲವು ಕುದುರೆಗಳು ಯಜಮಾನನ ಲಾಯದಲ್ಲೇ ‘ನಿಲ್ಲುತ್ತವೆ’. ಹೆಣ್ಣನ್ನು ಅಲ್ಲಿಗೇ ಕರೆದೊಯ್ಯಬೇಕು. ಕೆಲವು ‘ಸಂಚರಿಸುತ್ತವೆ’, ಗಂಡೇ ಊರೂರಿಗೆ ಬರುತ್ತದೆ. ಓಟದ ಕುದುರೆಗಳು ಸಾಮಾನ್ಯವಾಗಿ ನಿಲ್ಲುವ ಜಾತಿ, ನೇಗಿಲಿನ ಕುದುರೆಗಳು ಸಂಚರಿಸುವ ಜಾತಿ. ಓಟದ ಕುದುರೆಯ ಶುಲ್ಕವನ್ನು ಗಿನಿಯಲ್ಲಿ, ಅಂದರೆ 21 ಶಿಲಿಂಗಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ನೇಗಿಲಿನ ಕುದುರೆಗೆ ಬರೀ ಪೌಂಡು ಸಾಕು. ಆ ಒಂದು ಶಿಲಿಂಗಿನ ಅಂತರದಲ್ಲಿ ಒಂದಿಡೀ ವರ್ಗಭೇದ ಕೂತಿದೆ.

ಮೊದಲ ಸಾಲುಗಳು ಮೈಕಟ್ಟಿನ ವರ್ಣನೆ: ಬಣ್ಣ, ಎತ್ತರ, ಎಲುಬಿನ ಗಾತ್ರ, ಸ್ವಭಾವ. ಆಮೇಲೆ ವಂಶಾವಳಿ. ಇಂಥವನ ಮಗ, ಅವನು ಇಂಥವನ ಮಗ. ತಾಯಿ ಇಂಥವನ ಮಗಳು, ಅವಳ ತಾಯಿ ಇಂಥವನ ಮಗಳು. ನಾಲ್ಕೈದು ತಲೆಮಾರು ಸಲೀಸಾಗಿ ಇಳಿಯುತ್ತದೆ. ಬಳಿಕ ಬಹುಮಾನಗಳ ಪಟ್ಟಿ. ಯಾವ ಪ್ರದರ್ಶನದಲ್ಲಿ ಮೊದಲು, ಯಾವುದರಲ್ಲಿ ಎರಡನೆಯದು. ಆಮೇಲೆ ಅದರ ಮಕ್ಕಳಿಗೆ ಬಂದ ಬಹುಮಾನ. ಕೊನೆಗೆ ಗಬ್ಬ ನಿಲ್ಲಿಸುವುದರಲ್ಲಿ ಕುದುರೆ ಖಚಿತ ಎಂಬ ಒಂದು ಮಾತು. ರೈತನಿಗೆ ಬೇಕಾಗಿದ್ದದ್ದು ಈ ಕೊನೆಯ ಮಾತು. ಎಷ್ಟು ದೊಡ್ಡ ಮನೆತನದ ಗಂಡಾದರೂ ಹೆಣ್ಣು ಗೊಡ್ಡು ಉಳಿದರೆ ಒಂದು ವರ್ಷ ಮಣ್ಣುಪಾಲು.

ವರ್ಣನೆ ಮುಗಿದ ಮೇಲೆ ಷರತ್ತು. ನನ್ನ ಮಟ್ಟಿಗೆ ಈ ಸಾಹಿತ್ಯಪ್ರಕಾರದ ನಿಜವಾದ ಸ್ವಾರಸ್ಯ ಇಲ್ಲಿದೆ. ಶುಲ್ಕ ಮೂರು ಪೌಂಡೋ ನಾಲ್ಕೋ ಇದ್ದರೆ, ಕುದುರೆಯಾಳಿನ ಕೂಲಿ ಎಂದು ಮೇಲೆ ಐದು ಶಿಲಿಂಗು. ಅದನ್ನು ಮೊದಲ ಸಲವೇ ಕೈಯಲ್ಲಿ ಕೊಡಬೇಕು. ದೊಡ್ಡ ಮೊತ್ತ ಋತು ಮುಗಿದ ಮೇಲೆ, ಜನವರಿ ಫೆಬ್ರವರಿಯಲ್ಲಿ, ಸುಗ್ಗಿಯ ಹಣ ಕಣ್ಣಿಗೆ ಕಾಣುವ ಹೊತ್ತಿಗೆ. ಒಬ್ಬನದೇ ಎರಡು ಮೂರು ಹೆಣ್ಣುಗುದುರೆ ಇದ್ದರೆ ರಿಯಾಯಿತಿ. ಗಬ್ಬ ನಿಂತರೆ ಮಾತ್ರ ಹಣ ಎಂಬ ‘ಖಾತರಿ’ ಬೇಕಾದರೆ ದರ ಹೆಚ್ಚು. ದೂರದಿಂದ ಬಂದ ಹೆಣ್ಣುಗಳನ್ನು ಹುಲ್ಲುಗಾವಲಿನಲ್ಲಿ ಇಟ್ಟುಕೊಂಡರೆ ವಾರಕ್ಕೆ ಇಂತಿಷ್ಟು. ಎಲ್ಲ ಕಾಳಜಿ ವಹಿಸಲಾಗುವುದು, ಆದರೆ ಹೊಣೆ ನಮ್ಮದಲ್ಲ ಎಂಬ ಸಾಲು ಹೆಚ್ಚುಕಡಿಮೆ ಪ್ರತಿಯೊಂದರಲ್ಲೂ ಉಂಟು. ಆ ಸಾಲು ಇಲ್ಲದ ಜಾಹೀರಾತು ಸಿಕ್ಕರೆ ಯಜಮಾನ ಹೊಸಬನೆಂದು ತಿಳಿಯಬಹುದು. ಕೊನೆಗೆ ಇನ್ನೊಂದು: ಹಾರಿಸಿದ ಹೆಣ್ಣನ್ನು ಯಾರಾದರೂ ನಡುವೆ ಮಾರಿದರೆ, ಅದು ಗಬ್ಬವಾಗಿದೆ ಎಂದೇ ಎಣಿಸಿ ಪೂರ್ತಿ ಶುಲ್ಕ ವಸೂಲು.

ಈ ಕೊನೆಯ ಷರತ್ತಿನ ಹಿಂದೆ ಎಷ್ಟು ಜಗಳ ನಡೆದಿರಬೇಕು, ಊಹಿಸಿ. ಖಾತರಿ ಪಡೆದವನು ಗಬ್ಬ ನಿಂತದ್ದು ಗೊತ್ತಾಗುತ್ತಲೇ ಒಳ್ಳೆಯ ಬೆಲೆಗೆ ಕುದುರೆ ಮಾರಿ, ‘ನಿಲ್ಲಲೇ ಇಲ್ಲ ಸ್ವಾಮಿ’ ಎಂದು ಕೈಕೊಡವಿಕೊಳ್ಳಬಹುದಿತ್ತು. ಕುದುರೆ ಈಯುವುದಕ್ಕೆ ಹನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ಹೊಲ ಕೈಬದಲಾಗಬಹುದು, ಮನುಷ್ಯನೇ ಚಿನ್ನದ ಹಿಂದೆ ಬೇರೆ ಸೀಮೆಗೆ ಹೋಗಿರಬಹುದು. ನಮ್ಮ ಹಳ್ಳಿಗಳಲ್ಲಿ ಸಾಲ ಮಾಡಿದವನ ಅಜ್ಜನನ್ನೂ ಬಲ್ಲ ಊರು ಸುತ್ತ ಇರುತ್ತದೆ. ವಸಾಹತಿನಲ್ಲಿ ಯಾರಿಗೂ ಯಾರ ಅಜ್ಜನೂ ಗೊತ್ತಿಲ್ಲ. ಗೊತ್ತಿರುವುದು ಕುದುರೆಯ ಅಜ್ಜ ಮಾತ್ರ. ಹಾಗಾಗಿ ಬಾಯಿಮಾತಿನಲ್ಲಿ ಮುಗಿಯಬೇಕಾದದ್ದು ಪತ್ರಿಕೆಯ ಕಾಲಮ್ಮಿಗೆ ಬಂತು. ಅಚ್ಚಾದ ಷರತ್ತೇ ಕರಾರುಪತ್ರವಾಯಿತು. ಮ್ಯಾಜಿಸ್ಟ್ರೇಟ್ ಕೋರ್ಟಿನ ವರದಿಗಳಲ್ಲಿ ಕುದುರೆ ಹಾರಿಸಿದ ಬಾಕಿಯ ದಾವೆಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. 1880ರ ದಶಕದ ದೀರ್ಘ ಆರ್ಥಿಕ ಕುಸಿತದಲ್ಲಿ ಊಟ ವಸತಿಯ ಜೊತೆ ವಾರಕ್ಕೆ ಒಂದು ಪೌಂಡಿನ ಆಸುಪಾಸು ದುಡಿಯುವ ಆಳಿಗೆ ಮೂರು ಪೌಂಡ್ ಎಂದರೆ ಮೂರು ವಾರದ ಬೆವರು. ಸಣ್ಣ ಹಿಡುವಳಿದಾರನ ಸ್ಥಿತಿಯೂ ಅದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ.

ಸಂಚಾರದ ಕ್ರಮ ಇನ್ನೂ ಸೊಗಸು. ಒಟಾಗೊದ ಟೈಯೆರಿ ಬಯಲನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ಸೋಮವಾರ ಬೆಳಗ್ಗೆ ಯಜಮಾನನ ಲಾಯದಿಂದ ಹೊರಟರೆ ರಾತ್ರಿ ಮಾಸ್‌ಗೀಲ್‌ನ ಒಂದು ಹೋಟೆಲಿನ ಲಾಯ, ಮಂಗಳವಾರ ಔಟ್ರಮ್, ಬುಧವಾರ ಇನ್ನೊಂದು ಊರು, ಶನಿವಾರ ಸಂಜೆ ಮನೆ, ಭಾನುವಾರ ವಿಶ್ರಾಂತಿ. ಸ್ಕಾಟರ ನಾಡಿನಲ್ಲಿ ಭಾನುವಾರ ಬೀಜದ ಕುದುರೆಗೂ ರಜೆ. ಯಾವ ವಾರ, ಯಾವ ಊರು, ಎಷ್ಟು ಹೊತ್ತಿಗೆ ಎಂದು ಜಾಹೀರಾತಿನಲ್ಲೇ ಅಚ್ಚಾಗಿರುತ್ತಿತ್ತು. ಈ ವಾರದ ಸುತ್ತು ಯಾರೋ ಮನಬಂದಂತೆ ಹಾಕಿದ್ದಲ್ಲ. ಹೆಣ್ಣುಗುದುರೆ ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಐದಾರು ದಿನ ಇರುತ್ತದೆ. ಈದ ಒಂಬತ್ತು ಹತ್ತನೇ ದಿನಕ್ಕೆ ಮೊದಲ ಬೆದೆ. ವಾರಕ್ಕೊಮ್ಮೆ ಗಂಡು ಬಂದು ಹೋದರೆ ಬೆದೆ ತಪ್ಪಿಹೋಗುವ ಸಂಭವ ಕಡಿಮೆ. ಮೂರು ವಾರದ ಮೇಲೆ ಅದೇ ಹೆಣ್ಣನ್ನು ಮತ್ತೆ ಬೇಲಿಯ ಆಚೆ ನಿಲ್ಲಿಸಿ, ಈಚೆಯಿಂದ ಗಂಡನ್ನು ತೋರಿಸುತ್ತಾರೆ. ಕಿವಿ ಹಿಂದಕ್ಕೆ ಮಲಗಿಸಿ ಒದೆಯಲು ಬಂದರೆ ಗಬ್ಬ ನಿಂತಿದೆ ಎಂದು ಲೆಕ್ಕ. ಪಶುವೈದ್ಯನ ಯಂತ್ರ ಬರುವ ಮುಂಚಿನ ಪರೀಕ್ಷೆ ಅದು; ಪೂರ್ತಿ ನಂಬುವಂಥದ್ದೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ.

ಎಂಟು ಕ್ವಿಂಟಾಲಿನ ಆ ಗಂಡನ್ನು ದಿನಕ್ಕೆ ಹತ್ತಾರು ಮೈಲಿ ನಡೆಸಿಕೊಂಡು ಹೋಗುತ್ತಿದ್ದವನು ಕುದುರೆಯಾಳು. ತಾನೊಂದು ಸಣ್ಣ ಕುದುರೆಯ ಮೇಲೆ, ಪಕ್ಕದಲ್ಲಿ ಬಾಯಿಗೆ ಬಿಗಿ ಲಗಾಮು ತೊಟ್ಟ, ಜೂಲಿಗೆ ಬಣ್ಣದ ಪಟ್ಟಿ ಹೆಣೆದ ಗಂಡು. ಊರ ಬೀದಿಯಲ್ಲಿ ಕಟ್ಟಿದ ಯಾವುದೋ ಹೆಣ್ಣುಗುದುರೆ ಕೆನೆದರೆ ಸಾಕು, ಹಗ್ಗ ಹಿಡಿದವನ ತೋಳು ಕಿತ್ತುಬರಬೇಕು. ಎಷ್ಟು ಹಾರಿಕೆ ಆಯಿತು, ಯಾರದ್ದು, ಯಾವ ತಾರೀಖು, ಯಾರು ಐದು ಶಿಲಿಂಗು ಕೊಟ್ಟರು, ಯಾರು ಮುಂದಿನ ವಾರ ಎಂದರು, ಎಲ್ಲ ಅವನ ಕಿಸೆಯ ಪುಸ್ತಕದಲ್ಲಿ. ರಾತ್ರಿ ಹೋಟೆಲಿನಲ್ಲಿ ಪಕ್ಕದೂರಿನ ಸುದ್ದಿ, ಓಟ್ಸಿನ ದರ, ಯಾರ ಹೊಲ ಹರಾಜಿಗೆ ಬಂತು ಎಂಬುದೆಲ್ಲ ಅವನ ಬಾಯಿಂದ. ಯಜಮಾನನ ಮಾನವೂ ಬಂಡವಾಳವೂ ಅವನ ಕೈಯ ಹಗ್ಗದಲ್ಲಿ. ಅಷ್ಟಾದರೂ ಸಾವಿರಾರು ಜಾಹೀರಾತುಗಳಲ್ಲಿ ಕುದುರೆಯ ಮುತ್ತಜ್ಜನ ಹೆಸರು ಸಿಗುತ್ತದೆ, ಕುದುರೆಯಾಳಿನ ಹೆಸರು ಸಿಗುವುದು ಅಪರೂಪ.

ಸೆಪ್ಟೆಂಬರಿನಲ್ಲಿ, ಸಂಚಾರ ಶುರುವಾಗುವ ಮುಂಚೆ, ಪೇಟೆಗಳಲ್ಲಿ ಬೀಜದ ಕುದುರೆಗಳ ಮೆರವಣಿಗೆ ನಡೆಯುತ್ತಿತ್ತು. ರೈತರು ಕಟ್ಟೆಯ ಮೇಲೆ ನಿಂತು ಕಾಲು, ಗೊರಸು, ನಡಿಗೆ ನೋಡಿ ಈ ವರ್ಷ ಯಾವುದಕ್ಕೆ ಕೊಡಿಸುವುದು ಎಂದು ಗೊತ್ತುಮಾಡಿಕೊಳ್ಳುತ್ತಿದ್ದರು. ಇದು ಸ್ಕಾಟ್ಲೆಂಡಿನಿಂದ ಬಂದ ಪದ್ಧತಿ. ಅಲ್ಲಿ ಗ್ಲಾಸ್ಗೋದ ಗಂಡುಗುದುರೆ ಪ್ರದರ್ಶನಕ್ಕೆ ಒಂದೊಂದು ಜಿಲ್ಲೆಯ ಕೃಷಿ ಸಂಘದವರು ಬಂದು, ತಮಗೆ ಒಪ್ಪಿದ ಕುದುರೆಯನ್ನು ಇಡೀ ಋತುವಿಗೆ ಗೊತ್ತುಮಾಡಿಕೊಂಡು, ಯಜಮಾನನಿಗೆ ಒಂದು ಇಡಿಗಂಟು ಕೊಟ್ಟು ಜಿಲ್ಲೆಯಲ್ಲಿ ಓಡಾಡಿಸುತ್ತಿದ್ದರು. ನಮ್ಮಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಬಸವ ಊರ ದನಗಳಿಗೆಲ್ಲ ಗಂಡಾಗುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಆದರೆ ಬಸವನಿಗೆ ಶುಲ್ಕವಿಲ್ಲ, ಜಾಹೀರಾತಿಲ್ಲ, ಅಪ್ಪನ ಹೆಸರು ಕೇಳುವವರಿಲ್ಲ. ಊರಿನ ಎಲ್ಲರ ಹೊಲದಲ್ಲೂ ಮೇಯುವ ಹಕ್ಕೇ ಅದಕ್ಕೆ ಸಲ್ಲುವ ಸಂಬಳ. ಗ್ಲಾಸ್ಗೋದ ವ್ಯವಸ್ಥೆ ಊರೊಟ್ಟಿನದೂ ಅಲ್ಲ, ಪೂರ್ತಿ ವ್ಯಾಪಾರವೂ ಅಲ್ಲ. ರೈತರು ಕೂಡಿ ವ್ಯಾಪಾರಿಯ ಜೊತೆ ಚೌಕಾಸಿಗೆ ಕೂತ ಒಂದು ನಡುದಾರಿ.

ಇನ್ನು ವಂಶಾವಳಿ ಎಷ್ಟು ನಿಜ? ಕ್ಲೈಡ್ಸ್‌ಡೇಲ್ ಎಂಬ ಹೆಸರು ಬರಹದಲ್ಲಿ ಮೊದಲು ಕಾಣುವುದು 1826ರ ಗ್ಲಾಸ್ಗೋ ಪ್ರದರ್ಶನದಲ್ಲಿ. ಅದಕ್ಕೂ ಹಿಂದೆ, 18ನೇ ಶತಮಾನದಲ್ಲಿ, ಫ್ಲಾಂಡರ್ಸ್ ಸೀಮೆಯ ಭಾರಿ ಗಂಡುಗಳನ್ನು ತಂದು ಲ್ಯಾನರ್ಕ್‌ಷೈರಿನ ಸ್ಥಳೀಯ ಹೆಣ್ಣುಗಳಿಗೆ ಕೊಡಿಸಿ ಬೆಳೆಸಿದ ತಳಿ ಇದು. ತಳಿಯ ಸಂಘ ಹುಟ್ಟಿದ್ದು 1877ರಲ್ಲಿ, ವಂಶಾವಳಿ ಪುಸ್ತಕದ ಮೊದಲ ಸಂಪುಟ ಬಂದದ್ದು 1878ರಲ್ಲಿ. ಎಂದರೆ, 1860ರ ದಶಕದಲ್ಲಿ ಒಟಾಗೊದ ಪತ್ರಿಕೆಗಳಲ್ಲಿ ನಾಲ್ಕು ತಲೆಮಾರು ಹೇಳಿಕೊಂಡ ಕುದುರೆಗಳ ಹಿಂದೆ ಯಾವ ಪುಸ್ತಕವೂ ಇರಲಿಲ್ಲ. ಇದ್ದದ್ದು ಮಾರಿದವನ ಮಾತು, ಹಡಗಿನ ಕಾಗದ, ಮತ್ತು ‘ಚಾಂಪಿಯನ್’, ‘ಪ್ರಿನ್ಸ್’ ಎಂಬಂಥ ಒಂದೇ ಹೆಸರು ಹೊತ್ತು ತಿರುಗುವ ಹತ್ತಾರು ಗಂಡುಗಳು.

ಪುಸ್ತಕ ಬಂದ ಮೇಲೂ ಎಲ್ಲ ತಿಳಿಯಾಗಲಿಲ್ಲ. ಆ ಕಾಲದ ಅತಿ ಪ್ರಸಿದ್ಧ ಗಂಡು 1866ರಲ್ಲಿ ಹುಟ್ಟಿದ ಪ್ರಿನ್ಸ್ ಆಫ್ ವೇಲ್ಸ್, ಪುಸ್ತಕದಲ್ಲಿ 673ನೇ ನಂಬರಿನದು. ಅದರ ಅಜ್ಜಿಯರು ಇಂಗ್ಲೆಂಡಿನ ಶೈರ್ ತಳಿಯವರು ಎಂಬ ಮಾತು ಸ್ಕಾಟ್ಲೆಂಡಿನಲ್ಲೇ ಇತ್ತು. ಅದರ ಯಜಮಾನ ಲಾರೆನ್ಸ್ ಡ್ರೂ ಇಂಗ್ಲೆಂಡಿನಿಂದ ಶೈರ್ ಹೆಣ್ಣುಗಳನ್ನು ಕೊಂಡುತಂದು ಅದಕ್ಕೇ ಕೊಡಿಸಿದ. ಎರಡೂ ಒಂದೇ ಕುಲದ ಎರಡು ಕವಲು ಎಂಬುದು ಅವನ ವಾದ. ಸಂಘದವರು ಒಪ್ಪಲಿಲ್ಲ, 1883ರಲ್ಲಿ ಪ್ರತಿಸಂಘವೇ ಹುಟ್ಟಿತು. ಶುದ್ಧ ತಳಿ ಎಂದು ಟೈಯೆರಿಯ ರೈತ ಮೂರು ಪೌಂಡ್ ಎಣಿಸುತ್ತಿದ್ದ ಹೊತ್ತಿನಲ್ಲಿ, ಶುದ್ಧ ಎಂದರೇನು ಎಂದು ತವರಿನಲ್ಲೇ ಕೈ ಮಿಲಾಯಿಸುತ್ತಿದ್ದರು.

ಹಾಗಾದರೆ ರೈತ ಮೋಸಹೋದನೆ? ನನಗೆ ಹಾಗನ್ನಿಸುವುದಿಲ್ಲ. ವಂಶಾವಳಿಯನ್ನು ಅವನು ನಾವು ಬ್ಯಾಂಕಿನ ಕಾಗದ ಓದುವಂತೆ ಓದುತ್ತಿದ್ದ. ಅದು ಜೀವಶಾಸ್ತ್ರದ ಸತ್ಯವಾಗಬೇಕಿರಲಿಲ್ಲ, ಸಂತೆಯಲ್ಲಿ ಚಲಾವಣೆಯಾದರೆ ಸಾಕಿತ್ತು. ಹೆಸರಾಂತ ಗಂಡಿನ ಮರಿ ಎಂದರೆ ಹರಾಜಿನಲ್ಲಿ ನಾಲ್ಕು ಪೌಂಡ್ ಜಾಸ್ತಿ. ಅದಲ್ಲದೆ ಅವನ ಕೈಯಲ್ಲಿ ಇನ್ನೊಂದು ಅಳತೆಗೋಲಿತ್ತು. ಗಂಡು ಹೋದ ವರ್ಷವೂ ಇದೇ ದಾರಿಯಲ್ಲಿ ನಡೆದಿದೆ. ಅದರ ಮರಿಗಳು ನೆರೆಯವನ ಹುಲ್ಲುಗಾವಲಿನಲ್ಲಿ ನಿಂತಿವೆ. ಹೋಗಿ ಬೇಲಿಯ ಮೇಲೆ ಕೈಯಿಟ್ಟು ನೋಡಬಹುದು. ಸಂಚರಿಸುವ ಕುದುರೆಗೆ ತನ್ನ ಸಂತಾನದಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅದಕ್ಕೇ ಬುದ್ಧಿವಂತ ಯಜಮಾನರು ಎರಡು ಮೂರು ವರ್ಷಕ್ಕೊಮ್ಮೆ ಗಂಡನ್ನು ಬೇರೆ ಜಿಲ್ಲೆಗೆ ಮಾರುತ್ತಿದ್ದರು. ತನ್ನದೇ ಹೆಣ್ಣುಮರಿಗಳಿಗೆ ಗಂಡಾಗದಿರಲಿ ಎಂಬುದು ಹೇಳಿಕೊಳ್ಳುವ ಕಾರಣ, ಅದು ನಿಜವೂ ಹೌದು. ಹೇಳದ ಕಾರಣ ಬೇಲಿಯಾಚೆ ನಿಂತಿರುತ್ತಿತ್ತು.

ಬೇಲಿಯ ಮೇಲಿಂದ ನೋಡಿದರೂ ಕಾಣದ್ದು ಕೆಲವಿದ್ದವು. ಗೊರಸಿನ ಮೇಲ್ಗಡೆ ಎಲುಬು ಬೆಳೆಯುವುದು, ಓಡಿದರೆ ಗಂಟಲಿನಲ್ಲಿ ಸದ್ದು ಬರುವುದು, ಇಂಥ ದೋಷಗಳು ಮರಿ ದೊಡ್ಡದಾಗಿ ನೊಗ ಹೊತ್ತ ಮೇಲೆ ಹೊರಬೀಳುತ್ತವೆ. ಅಷ್ಟರಲ್ಲಿ ಗಂಡು ನೂರಾರು ಕಡೆ ಬೀಜ ಬಿಟ್ಟಾಗಿದೆ. ಕೊನೆಗೆ ಸರಕಾರಗಳೇ ಕೈಹಾಕಬೇಕಾಯಿತು. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ 1907ರಿಂದ ಸರಕಾರಿ ಪಶುವೈದ್ಯರು ಬೀಜದ ಕುದುರೆಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡತೊಡಗಿದರು. ಬ್ರಿಟನ್ನಿನಲ್ಲಿ 1918ರ ಕಾಯಿದೆ ಪರವಾನಗಿಯಿಲ್ಲದೆ ಗಂಡನ್ನು ಸಂಚಾರಕ್ಕೆ ಒಯ್ಯುವಂತಿಲ್ಲ ಎಂದಿತು.

ಓಟದ ಕುದುರೆಯ ಕಡೆಗೆ ಒಂದು ಅಡ್ಡದಾರಿ. 1867ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮಸ್ಕೆಟ್ ಎಂಬ ಗಂಡು 1870ರ ದಶಕದ ಕೊನೆಗೆ ಆಕ್ಲೆಂಡಿಗೆ ಬಂತು. ನಿಧಾನದ ಕುದುರೆಗಳನ್ನು ಗುಂಡಿಕ್ಕಿಸುತ್ತಿದ್ದ ಗ್ಲಾಸ್ಗೋದ ಅರ್ಲ್‌ನ ಕೈಯಿಂದ ಇದನ್ನು ತರಬೇತಿದಾರ ಉಳಿಸಿಕೊಂಡ ಎಂಬ ಕಥೆಯಿದೆ. ಬಂದ ಹೊಸದರಲ್ಲಿ ಅದನ್ನು ಸಾರೋಟಿನ ಕುದುರೆ ಹುಟ್ಟಿಸಲು ಬೆರಕೆ ಹೆಣ್ಣುಗಳಿಗೆ ಕೊಡಿಸಿದರಂತೆ. ಆಮೇಲೆ ಶುದ್ಧ ತಳಿಯ ಹೆಣ್ಣುಗಳು ಸಿಕ್ಕವು. ಮಕ್ಕಳಿಗೆ ಬಂದೂಕಿನ ಹೆಸರುಗಳು ಬಂದವು. ಮಾರ್ಟಿನಿ ಹೆನ್ರಿ 1883ರ ಮೆಲ್ಬರ್ನ್ ಕಪ್ ಗೆದ್ದಿತು. ಕಾರ್ಬೈನ್ 1890ರಲ್ಲಿ ಸುಮಾರು 66 ಕಿಲೋ ಭಾರ ಹೊತ್ತು ಅದೇ ಕಪ್ ಗೆದ್ದು, ಐದು ವರ್ಷದ ಮೇಲೆ 13,000 ಗಿನಿಗೆ ಪೋರ್ಟ್‌ಲೆಂಡಿನ ಡ್ಯೂಕ್‌ನ ಲಾಯ ಸೇರಿತು. ತಾಯ್ನಾಡಿನಿಂದ ಬೀಜ ತರಿಸಿಕೊಂಡ ವಸಾಹತು ತಾಯ್ನಾಡಿಗೇ ಬೀಜ ಮಾರಿತು. 1926ರಲ್ಲಿ ಟಿಮಾರು ಬಳಿಯ ಸೀಡೌನಿನಲ್ಲಿ ಹುಟ್ಟಿದ ಓಟದ ಕುದುರೆ ಫಾರ್ ಲ್ಯಾಪ್‌ನ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. ಸಿಡ್ನಿಯಲ್ಲಿ ಕೂತ ಹ್ಯಾರಿ ಟೆಲ್‌ಫರ್ಡ್ ಹರಾಜಿನ ಪಟ್ಟಿಯ ವಂಶಾವಳಿ ಓದಿ, ಮರಿಯನ್ನು ಕಣ್ಣಿನಲ್ಲಿ ಕಾಣದೆ, 160 ಗಿನಿಗೆ ತರಿಸಿದ. ದುಡ್ಡು ಹಾಕಿದ ಧಣಿ ಬಂದಿಳಿದ ಕಡ್ಡಿಕಾಲಿನ ಮರಿಯನ್ನು ನೋಡಿ ರೇಗಿಹೋದ. ಆಮೇಲೆ ಆ ಮರಿ ಗೆದ್ದದ್ದೆಲ್ಲ ಕುದುರೆಪಂದ್ಯದ ಪುರಾಣ. ಆದರೆ ಪಟ್ಟಿ ಓದಿ ಕೊಂಡು ಕೈಸುಟ್ಟುಕೊಂಡವರ ಪುರಾಣವನ್ನು ಯಾರೂ ಬರೆಯುವುದಿಲ್ಲ.

ಈ ವಂಶಾವಳಿಗಳ ನಡುವೆ ಇನ್ನೊಂದು ವಂಶಾವಳಿ ಕಾಣೆಯಾಗಿದೆ. ಕುದುರೆಗಳು ನಡೆದಾಡಿದ ಹಾದಿಗಳೆಲ್ಲ ನಾಯ್ ತಾಹು ಎಂಬ ಮಾವೊರಿ ಜನರ ನೆಲ. 1844ರಲ್ಲಿ ಒಟಾಗೊದ ಸುಮಾರು 4 ಲಕ್ಷ ಎಕರೆಗೆ 2,400 ಪೌಂಡ್ ಕೊಡಲಾಯಿತು. 1848ರಲ್ಲಿ ಕೆಂಪ್ ಎಂಬ ಅಧಿಕಾರಿಯ ಮೂಲಕ ಒಂದು ಕೋಟಿ ಎಕರೆಗೂ ಮೀರಿದ ನೆಲಕ್ಕೆ 2,000 ಪೌಂಡ್. ಅವರಿಗೆ ಬಿಟ್ಟುಕೊಡುತ್ತೇವೆಂದ ಮೀಸಲು ನೆಲವನ್ನು ಸರಿಯಾಗಿ ಬಿಡಲಿಲ್ಲ. 1849ರಲ್ಲೇ ಮಾತಿಯಾಹ ತಿರಮೊರೆಹು ಎಂಬ ಮುಖಂಡ ದೂರು ಬರೆದ. ಮಾವೊರಿಗಳಿಗೆ ತಮ್ಮ ವಂಶಾವಳಿಯೇ ನೆಲದ ಹಕ್ಕಿನ ಆಧಾರ. ತಲೆಮಾರುಗಳನ್ನು ಬಾಯಲ್ಲಿ ಒಪ್ಪಿಸುವುದು ಅವರಲ್ಲಿ ಒಂದು ದೊಡ್ಡ ವಿದ್ಯೆ. ಗಂಡುಗುದುರೆಯ ನಾಲ್ಕು ತಲೆಮಾರನ್ನು ಅಕ್ಷರ ತಪ್ಪದೆ ಅಚ್ಚುಹಾಕಿದ ಪತ್ರಿಕೆಗಳಿಗೆ, ಅದನ್ನು ಓದಿ ಹಣ ಎಣಿಸಿದ ಒಕ್ಕಲುಗಳಿಗೆ, ಈ ಇನ್ನೊಂದು ವಂಶಾವಳಿ ಸಾಕ್ಷ್ಯವಾಗಿ ತೋರಲಿಲ್ಲ. ತೋರುವುದಕ್ಕೆ ಮಾವೊರಿಗಳ ದೂರು ಕೇಳುವ ನ್ಯಾಯಮಂಡಳಿಯ 1991ರ ವರದಿ, 1998ರ ಪರಿಹಾರ ಕಾಯಿದೆ ಬೇಕಾದವು.

ಬ್ರಿಟಿಷರು ಬೀಜದ ಕುದುರೆಯನ್ನು ರೈತನ ಮುಂದಿಟ್ಟ ಇನ್ನೊಂದು ರೀತಿ ಭಾರತದಲ್ಲೇ ಇತ್ತು. ಪಂಜಾಬಿನ ಝೇಲಂ ಕಾಲುವೆಯ ಹೊಸ ನೆಲವನ್ನು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹಂಚುವಾಗ ಷರತ್ತು ಹಾಕಿದರು: ಸೈನ್ಯಕ್ಕೆ ಮರಿ ಕೊಡಲು ಒಂದು ಹೆಣ್ಣುಗುದುರೆ ಸಾಕಬೇಕು, ಸರಕಾರಿ ಗಂಡಿಗೆ ಕೊಡಿಸಬೇಕು. ‘ಘೋಡಿಪಾಲ್’ ಎಂದು ಆ ಹಿಡುವಳಿಯ ಹೆಸರು. ಒಟಾಗೊದಲ್ಲಿ ರೈತನನ್ನು ಪುಸಲಾಯಿಸಬೇಕಿತ್ತು, ದರ ಇಳಿಸಬೇಕಿತ್ತು, ಖಾತರಿ ಕೊಡಬೇಕಿತ್ತು. ಝೇಲಂನಲ್ಲಿ ನೆಲವೇ ಲಗಾಮು. ಜಾಹೀರಾತಿನ ಅಗತ್ಯವೇ ಬೀಳಲಿಲ್ಲ.

ನಮ್ಮ ಕಡೆ ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಇತ್ತು. ಆದರೂ 19ನೇ ಶತಮಾನದಲ್ಲಿ ಭಾರತದ ಅಶ್ವದಳಗಳಿಗೆ ಕುದುರೆಗಳು ಬಹುಪಾಲು ಆಸ್ಟ್ರೇಲಿಯದಿಂದ ಮದರಾಸು, ಕಲಕತ್ತೆ ಬಂದರಿಗೆ ಬರುತ್ತಿದ್ದವು. ‘ವೇಲರ್’ ಎಂಬ ಆ ಕುದುರೆಗಳ ಹಿಂದೆಯೂ ಇದೇ ಬಗೆಯ ಸಂಚಾರಿ ಗಂಡುಗಳೂ ಹಳ್ಳಿಯ ಬೆರಕೆ ಹೆಣ್ಣುಗಳೂ ಇದ್ದವು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ಹಿಡಿದಾಗ, ಅದೇ ಸೇನಾನಿ ಅಲೆನ್‌ಬಿಯ ಕೈಕೆಳಗೆ ನ್ಯೂಜಿಲೆಂಡಿನ ಸವಾರರು ಜೋರ್ಡಾನ್ ನದಿಯಾಚೆ ಅಮ್ಮಾನ್ ಕಡೆ ಹೊರಟಿದ್ದರು. ಆ ಮೊದಲ ಮಹಾಯುದ್ಧಕ್ಕೆ ನ್ಯೂಜಿಲೆಂಡಿನಿಂದ ಹೋದ ಕುದುರೆಗಳು 10,000ಕ್ಕೂ ಹೆಚ್ಚು. ಮರಳಿದ್ದು ನಾಲ್ಕು.

1911ರಲ್ಲಿ ನ್ಯೂಜಿಲೆಂಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಅದೇ ತುದಿ, ಆಮೇಲೆ ಇಳಿಜಾರು. ಯುದ್ಧ ಕಳೆದು ಟ್ರ್ಯಾಕ್ಟರ್ ಬಂತು. ಓಟ್ಸ್ ಬೆಳೆಯುತ್ತಿದ್ದ ನೆಲ ಹಾಲಿನ ದನಗಳಿಗೆ, ಕುರಿಗಳಿಗೆ ಹೋಯಿತು. ಗಂಡುಗುದುರೆಗಳ ಕಾಲಂ ವರ್ಷದಿಂದ ವರ್ಷಕ್ಕೆ ಗಿಡ್ಡವಾಯಿತು.

ಬೀಜ ಊರೂರಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಈಗ ಹೋಗುವುದು ಹೋರಿಯ ಬೀಜ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಡಬ್ಬಿಯಲ್ಲಿ, ಕಾಲು ಮಿಲಿಲೀಟರಿನ ಕಡ್ಡಿಗಳಲ್ಲಿ. ನಮ್ಮ ಹೆಸರಘಟ್ಟದ ವೀರ್ಯ ಕೇಂದ್ರದಿಂದಲೂ ಹೋಗುತ್ತದೆ, ಮೋಟಾರ್ ಬೈಕಿನ ಹಿಂದೆ ಕಟ್ಟಿಕೊಂಡ ಡಬ್ಬಿಯಲ್ಲಿ ಹಟ್ಟಿಯ ಬಾಗಿಲಿಗೇ ಬರುತ್ತದೆ. ಕಡ್ಡಿಯ ಮೇಲೆ ಹೋರಿಯ ನಂಬರು ಅಚ್ಚಾಗಿರುತ್ತದೆ. ಒಟಾಗೊದ ಜಾಹೀರಾತನ್ನೂ ಇವತ್ತಿನ ಹೋರಿಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಅಪ್ಪ, ಅಜ್ಜ, ಮುತ್ತಜ್ಜ. ತಾಯಿ ಬಂದರೂ ಇಂಥವನ ಮಗಳೆಂದು ಬರುತ್ತಾಳೆ. ಊರಿನ ಹೆಣ್ಣುಗುದುರೆಗಳಂತೂ ತಲೆಗೆ ಮೂರು ಪೌಂಡಿನ ಲೆಕ್ಕದಲ್ಲಿ ಮುಗಿದುಹೋದವು. ಈಗಿನ ಪಟ್ಟಿಯಲ್ಲಿ ಹೋರಿಯ ಎದುರು ರೈತ ಮೊದಲು ಹುಡುಕುವ ಅಂಕಿ ಅದರ ತಾಯಿ ಒಂದು ಸೂಲಿನಲ್ಲಿ ಕೊಟ್ಟ ಹಾಲಿನದು, ಆಮೇಲೆ ಹೆಣ್ಣುಮಕ್ಕಳು ಕೊಟ್ಟ ಹಾಲಿನದು. ಹೋರಿ ಹಾಲು ಕೊಡುವುದಿಲ್ಲವಾದ್ದರಿಂದ ಬೇರೆ ದಾರಿಯೂ ಇರಲಿಲ್ಲ.